ಬಾಣಂತಿ ಕೋಣೆಯ ಫ್ಯಾನು

ತುರ್ವಿಹಾಳದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಜಂಗ್ಲಿಸಾಬನಿಗೆ ಮಗಳೆಂದರೆ ಜೀವ. ಹೆಂಡತಿ ತೀರಿಕೊಂಡ ಮೇಲೆ ಜೈನಾಬೀಯನ್ನು ಒಬ್ಬನೇ ಸಾಕಿ ಮಸ್ಕಿಗೆ ಕೊಟ್ಟಿದ್ದ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ! ಆದರೆ ಬೀಗತಿ ಹಾಜಿರಾಬೀ ಮೊದಲೇ ಬಾಯಿ ಹಾಕಿದ್ದಳು.

"ಹೆಣ್ಣುದಿಕ್ಕಿಲ್ಲದ ಮನ್ಯಾಗ ಬಾಣಂತನ ಹ್ಯಾಂಗ್ರಿ? ಹೆರಿಗಿ ಆದಮ್ಯಾಲ ಬಂದು ನೋಡ್ತೀನಿ. ಸರಿ ಕಾಣಲಿಲ್ಲಂದ್ರ ಅವತ್ತೇ ಕರ್ಕೊಂಡು ಹೋಗ್ತೀನಿ."

ಮಾತು ಎದೆಗೆ ನಾಟಿತು. ಮೇ ತಿಂಗಳ ಧಗೆ ಬೇರೆ; ಕರೆಂಟು ರಾತ್ರಿ ಬಂದರೆ ಬೆಳಿಗ್ಗೆ ಹೋಗುತ್ತಿತ್ತು. ಸಿಂಧನೂರಿನಲ್ಲಿ ಕಂಪ್ಯೂಟರ್ ಕಲಿಸುವವರು ಮೂಲೆಗೆಸೆದಿದ್ದ ಪವರ್ ಸಪ್ಲೈ ಡಬ್ಬಿಯನ್ನೂ, ಪಕ್ಕದ ಮನೆ ಹೊನ್ನೂರಪ್ಪನ ಟ್ರ್ಯಾಕ್ಟರಿನ ಹಳೇ ಬ್ಯಾಟರಿಯನ್ನೂ ಜಂಗ್ಲಿಸಾಬ ಹೊತ್ತು ತಂದ. ರಾತ್ರಿ ಬ್ಯಾಟರಿ ತುಂಬಿಸಿಟ್ಟರೆ ಹಗಲು ಮಗಳಿಗೆ ಫ್ಯಾನು ತಿರುಗೀತು. ಆದರೆ ಡಬ್ಬಿ ಕೊಡುವುದು ಹನ್ನೆರಡು ವೋಲ್ಟು, ಬ್ಯಾಟರಿ ತುಂಬಲು ಹದಿನಾಲ್ಕರ ಹತ್ತಿರ ಬೇಕು. ಒಳಗಿನ ರೆಸಿಸ್ಟರ್ ಬದಲಿಸಿ ಏರಿಸಹೋದರೆ ಹಾಳಾದ್ದು ಟಪ್ಪೆಂದು ತಾನೇ ಬಂದಾಗುತ್ತಿತ್ತು. ಬೈದ, ರಮಿಸಿದ, ಮತ್ತೆ ಬಿಚ್ಚಿದ. ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಿ ಕೊನೆಗೂ ಹದಕ್ಕೆ ತಂದ.

ಮೊಮ್ಮಗ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಮಂಚದೆದುರು ಕಾರಿನ ಪುಟ್ಟ ಫ್ಯಾನು ಗಿರ್ರೆಂದಿತು. ಮಗಳು ಕಿವಿಗೆ ಬಟ್ಟೆ ಬಿಗಿದುಕೊಂಡು, ಕೂಸನ್ನು ಬೆನ್ನ ಹಿಂದೆ ಮಲಗಿಸಿಕೊಂಡು ಸುಮ್ಮನೆ ನಕ್ಕಳು. ಅಪ್ಪನಿಗೆ ಅಷ್ಟೇ ಸಾಕಾಯಿತು, ಪಾಪ.

ಮಧ್ಯಾಹ್ನ ಹಾಜಿರಾಬೀ ಬಂದವಳೇ ಬಾಗಿಲಲ್ಲಿ ನಿಂತಳು. "ಯಾ ಅಲ್ಲಾ! ಬಾಣಂತಿಗೆ ಗಾಳಿ ಹಾಕ್ತಾರೇನ್ರೀ ಯಾರರ?"

ಮಗಳಿಗೆ ಸೆಕೆಯಾದೀತು ಎಂದು ಗೊತ್ತಿತ್ತೇ ಹೊರತು ಬಾಣಂತಿಗೆ ಗಾಳಿ ತಾಗಬಾರದೆಂದು ಜಂಗ್ಲಿಸಾಬನಿಗೆ ಹೇಳುವವರು ಯಾರಿದ್ದರು? ಮಗಳು ಇವತ್ತೇ ಹೋದಳು ಎಂದುಕೊಂಡು ವೈರು ಕೀಳಲು ಬಗ್ಗಿದ.

"ಬಂದ್ ಮಾಡಬ್ಯಾಡ್ರಿ ಅಬ್ಬಾ," ಎಂದಳು ಜೈನಾಬೀ. "ಅತ್ತೀ, ಅದು ನನಗಲ್ರಿ. ಬಿಸಿಲಾಗ ಬಸ್ಸಿಗೆ ಬರ್ತೀರಂತ ನಿಮ್ಮ ಸಲುವಾಗಿ ಮಾಡ್ಯಾರ. ತಿರುಗತೈತೋ ಇಲ್ಲೋ ಅಂತ ನೋಡಾಕತ್ತಿದ್ರು."

ಫ್ಯಾನನ್ನು ಅತ್ತೆಯ ಕಡೆ ತಿರುಗಿಸಿದಳು. ಹಾಜಿರಾಬೀ ಅದರೆದುರು ಕುಳಿತಳು. ಬೆವೆತ ಕತ್ತಿಗೆ ಗಾಳಿ ಬಡಿಯಿತು.

"ನನ್ನ ಸಲುವಾಗಿ?" ದನಿ ಮೆತ್ತಗಾಗಿತ್ತು. ಸೆರಗಿನಿಂದ ಕತ್ತು ಒರೆಸಿಕೊಂಡಳು. "ಆತು, ನಲವತ್ತು ದಿನ ತುಂಬೋತನ ಇಲ್ಲೇ ಇರ್ಲಿ. ನಡುನಡುವ ನಾ ಬಂದು ನೋಡ್ಕೊಂಡು ಹೋಗ್ತೀನಿ."

ಹಾಜಿರಾಬೀ ಚಹಾ ಮಾಡಲು ಒಳಗೆ ಹೋದಾಗ ಜಂಗ್ಲಿಸಾಬ ಮಗಳ ಕಾಲ ಬಳಿ ಕುಸಿದು ಕುಳಿತ. "ಗಾಳಿ ಬ್ಯಾಡಂತ ನನಗರ ಹೇಳಬಾರದೇನವ್ವಾ?"

"ಹ್ಯಾಂಗ ಹೇಳ್ಲಿ ಅಬ್ಬಾ? ಫ್ಯಾನ್ ತಿರುಗಿದಾಗ ಅರಳಿದ ನಿಮ್ಮ ಮಾರಿ ನಾ ನೋಡಿದ್ನಲ್ಲ."