ಸೋರುತ್ತದೆಂಬ ಅಪವಾದ

ನಾನು ಒಂದು ಓಟದ ಬ್ಯಾಗು. ಶಾಲೆಗೆ ಹೋಗುವುದಲ್ಲ, ಸಂತೆಗೆ ಹೋಗುವುದೂ ಅಲ್ಲ. ಗುಡ್ಡ, ಕಾಡು, ಕಾಲುದಾರಿ ಎಂದು ದಿನವಿಡೀ ಓಡುವ ಜನ ಇರುತ್ತಾರಲ್ಲ, ಅವರ ಬೆನ್ನಿಗೆ ಅಂಗಿಯ ಹಾಗೆ ಅಂಟಿಕೊಂಡು ಹೋಗುವುದು ನನ್ನ ಕೆಲಸ. ನನ್ನ ಹೊಟ್ಟೆಯಲ್ಲಿ ಎರಡು ಲೀಟರ್ ನೀರು ಹಿಡಿಯುವ ಮೆತ್ತನೆಯ ಪ್ಲಾಸ್ಟಿಕ್ ಚೀಲವಿದೆ. ಅದರಿಂದ ಹೊರಟ ಕೊಳವೆ ಭುಜದ ಮೇಲಿಂದ ಹಾದು ಬಾಯಿಯ ಹತ್ತಿರ ಬರುತ್ತದೆ. ಓಡುತ್ತಲೇ ಕುಡಿಯಬಹುದು.

ನಾನು ಹುಟ್ಟಿದ್ದು ಪೀಣ್ಯದ ಒಂದು ಹೊಲಿಗೆ ಶೆಡ್ಡಿನಲ್ಲಿ. ಕೊನೆಯ ದಾರ ಕತ್ತರಿಸಿದ ಹೆಂಗಸು ನನ್ನ ಎರಡೂ ಪಟ್ಟಿ ಹಿಡಿದು ಜೋರಾಗಿ ಜಗ್ಗಿದಳು. ಒಂದು ಸಲ ಸಾಲಲಿಲ್ಲ, ಮೂರು ಸಲ ಜಗ್ಗಿದಳು. ಅಂದರೆ ಈ ಲೋಕದಲ್ಲಿ ನನ್ನ ಮೈಗೆ ಮೊದಲು ತಾಗಿದ್ದು ಅನುಮಾನ. ಆಗ ಬೇಜಾರಾಗಿತ್ತು. ಈಗ ಆಕೆಯನ್ನು ನೆನೆದರೆ ಕೈ ಮುಗಿಯೋಣ ಅನ್ನಿಸುತ್ತದೆ.

ನನ್ನ ಮೊದಲ ಯಜಮಾನ ಧಾರವಾಡದ ಪೋತದಾರ ಸರ್. ವಿಮಾ ಕಚೇರಿಯಲ್ಲಿ ಕೆಲಸ, ಬೆಳಿಗ್ಗೆ ಯುನಿವರ್ಸಿಟಿ ಗುಡ್ಡದಲ್ಲಿ ಓಟ. ಅಂಗಡಿಯಲ್ಲಿ ನನ್ನನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿದರು.

“ನೀರು ತುಂಬಿ ನೋಡ್ರಿ ಸರ್. ಖಾಲಿ ಬ್ಯಾಗ್ ಎಲ್ಲಾರಿಗೂ ಹೊಂದತೈತಿ,” ಎಂದ ಅಂಗಡಿಯವನು.

“ಏ, ಬಣ್ಣ ಛಲೋ ಅದ ಬಿಡೋ,” ಎಂದರು ಪೋತದಾರ ಸರ್.

ಎರಡನೆಯ ವಾರ ಹದಿನೈದು ಕಿಲೋಮೀಟರ್ ಓಡಿ ಮನೆಗೆ ಬಂದು ನನ್ನನ್ನು ಕಳಚಿದಾಗ ಅವರ ಅಂಗಿಯ ಬೆನ್ನು ತೊಯ್ದು ತೊಪ್ಪೆಯಾಗಿತ್ತು. ನನ್ನ ಬೆನ್ನೂ ಹಾಗೆಯೇ. “ನೋಡು, ಸೋರಾಕತ್ತೇದ,” ಎಂದು ಹೆಂಡತಿಗೆ ತೋರಿಸಿದರು. ಅಷ್ಟೇ. ಒಳಗಿನ ಚೀಲ ತೆಗೆದು ನೋಡಲಿಲ್ಲ, ನೀರು ತುಂಬಿ ಬಕೆಟ್ಟಿನ ಮೇಲೆ ತೂಗುಹಾಕಲಿಲ್ಲ. ನನ್ನನ್ನು ಬಾಲ್ಕನಿಯ ಮೊಳೆಗೆ ಸಿಕ್ಕಿಸಿದರು. ಬಂದವರಿಗೆಲ್ಲ ಹೇಳಿದ್ದೂ ಅದನ್ನೇ. ಒಂದೇ ಮಾತನ್ನು ಆರು ತಿಂಗಳು ಕೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ. ನಿಜವಾಗಿಯೂ ಎಲ್ಲೋ ಸೋರುತ್ತಿರಬಹುದೇ ಎಂದು ನನಗೇ ನನ್ನ ಮೇಲೆ ಅನುಮಾನ ಹತ್ತಿಕೊಂಡಿತು.

ಆಮೇಲೆ ನನ್ನನ್ನು ಕೊಳ್ಳಲು ಬಂದವಳು ಕಸ್ತೂರಿ ಜಾಲಿಹಾಳ. ಬಸ್ ಕಂಡಕ್ಟರ್, ವಯಸ್ಸು ನಲವತ್ತಾರು. ಇಪ್ಪತ್ತು ವರ್ಷ ಒಂದೇ ಭುಜಕ್ಕೆ ಚರ್ಮದ ಚೀಲ ನೇತುಹಾಕಿ ಅವಳ ಬಲ ಭುಜ ಎಡಕ್ಕಿಂತ ಅರ್ಧ ಬೆರಳು ಕೆಳಗಿಳಿದಿತ್ತು. ಟಿಕೆಟ್ ತೆಗೆಯದೆ ನಿದ್ದೆ ನಟಿಸುವವರನ್ನು ದಿನಕ್ಕೆ ಹತ್ತು ಜನರನ್ನಾದರೂ ಎಬ್ಬಿಸುವ ಕಣ್ಣು ಅವಳದು. ಹೋದ ವರ್ಷ ಖಾನಾಪುರದ ಕಾಡಿನಲ್ಲಿ ನಡೆದ ಐವತ್ತು ಕಿಲೋಮೀಟರ್ ಓಟಕ್ಕೆ ಮಗಳ ಕಾಲೇಜು ಬ್ಯಾಗು ಹಾಕಿಕೊಂಡು ಹೋಗಿದ್ದಳಂತೆ. ಮೂವತ್ತೆಂಟನೆಯ ಕಿಲೋಮೀಟರಿನಲ್ಲಿ ಭುಜದ ಚರ್ಮ ಕಿತ್ತು ರಕ್ತ ಬಂದು, ನಿಲ್ಲಬೇಕಾಯಿತು. ಹೆಸರಿನ ಮುಂದೆ ‘ಪೂರ್ಣಗೊಳಿಸಿಲ್ಲ’ ಎಂದು ಬರೆದ ಹಾಳೆಯನ್ನು ಅವಳು ಇನ್ನೂ ಇಟ್ಟುಕೊಂಡಿದ್ದಳು. ಈ ವರ್ಷ ಅದೇ ಓಟವನ್ನು ಮುಗಿಸಲೇಬೇಕಿತ್ತು.

“ಹೊಸಾದು ಇದ್ದಂಗ ಐತಿ. ಅರ್ಧ ರೇಟಿಗೆ ಯಾಕ ಕೊಡಾಕತ್ತೀರಿ ಸರ್?” ಎಂದು ಕೇಳಿದಳು.

“ನನಗ ಟೈಮ್ ಸಿಗವಲ್ದು ನೋಡ್ರಿ ಮೇಡಂ.”

“ಏನೂ ಐಬ ಇಲ್ಲಲ್ಲ?”

“ಛೇ ಛೇ. ಒಂದು ಹನಿ ಸೋರಂಗಿಲ್ಲ.”

ಸೋರುವ ಮಾತನ್ನು ಅವಳು ಎತ್ತೇ ಇರಲಿಲ್ಲ. ಅವಳ ಹುಬ್ಬು ತುಸು ಮೇಲೆ ಹೋದದ್ದನ್ನು ನಾನು ಕಂಡೆ. ಆದರೂ ನನ್ನನ್ನು ಕೊಂಡಳು. ಅಪರಾಧಿಯನ್ನು ಠಾಣೆಗೆ ಕರೆದೊಯ್ಯುವ ಹಾಗೆ ಪಟ್ಟಿ ಹಿಡಿದುಕೊಂಡೇ ಕರೆದೊಯ್ದಳು.

ಮಾರನೆಯ ದಿನ ಡಿಪೋದ ಅಂಗಳದಲ್ಲಿ ನನ್ನ ವಿಚಾರಣೆ. ನೀರು ತುಂಬಿದಳು, ಭಾರಕ್ಕೆಂದು ಜೋಳದ ಎರಡು ಪೊಟ್ಟಣ ತುರುಕಿದಳು, ಎದೆಯ ಪಟ್ಟಿ ಬಿಗಿದು ನಿಂತ ಬಸ್ಸುಗಳ ಸುತ್ತ ಓಡಿದಳು. ಬಲ ಪಟ್ಟಿ ಭುಜದಿಂದ ಜಾರಿತು. ಅದನ್ನು ಮಾತ್ರ ಅರ್ಧ ಬೆರಳು ಬಿಗಿ ಮಾಡಿದಳು. ಕನ್ನಡಿ ಹೇಳದ ಆ ಅರ್ಧ ಬೆರಳಿನ ಲೆಕ್ಕ ಸರಿಹೋಯಿತು. ಆದರೆ ನನ್ನ ಹೊಟ್ಟೆ ಗುಳುಕ್ ಗುಳುಕ್ ಎನ್ನುತ್ತಿತ್ತು.

ಅವಳ ಬಸ್ಸಿನ ಡ್ರೈವರ್ ಮಕ್ತುಮಸಾಬ ಬೀಡಿ ಕೆಳಗಿಳಿಸಿ ಕೇಳಿದ: “ಕಸ್ತೂರಕ್ಕಾ, ನಿನ್ನ ಬೆನ್ನಾಗ ಎಮ್ಮಿ ನೀರ ಕುಡ್ಯಾಕತ್ತೈತೇನ?”

“ಸುಮ್ನಿರು ಮಕ್ತುಮಣ್ಣ. ಒಳಗ ಏನೋ ಗೋಲ್‌ಮಾಲ್ ಐತಿ.”

ಗೋಲ್‌ಮಾಲ್ ಇದ್ದದ್ದು ಗಾಳಿಯದು. ಅವಳು ನೀರಿನ ಚೀಲವನ್ನು ತಲೆಕೆಳಗು ಮಾಡಿ, ಕೊಳವೆಗೆ ಬಾಯಿಟ್ಟು ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದಳು. ಮತ್ತೆ ಓಡಿದಳು. ಸದ್ದಿಲ್ಲ. ಎಮ್ಮೆ ಮನೆಗೆ ಹೋಯಿತು ಎಂದ ಮಕ್ತುಮಸಾಬ. ಕಸ್ತೂರಿ ನಗಲಿಲ್ಲ. ಆ ರಾತ್ರಿ ಚೀಲವನ್ನು ತುಂಬಿ ಹಳೆಯ ಪೇಪರಿನ ಮೇಲೆ ಮಲಗಿಸಿದಳು. ಬೆಳಿಗ್ಗೆ ಪೇಪರ್ ಒಣಗಿಯೇ ಇತ್ತು. ನಾನು ನಿರಪರಾಧಿ ಎಂದು ನನಗೂ ಗೊತ್ತಾದದ್ದು ಆಗಲೇ. ಅವಳಿಗೆ ಮಾತ್ರ ಪೂರ್ತಿ ನಂಬಿಕೆ ಬರಲಿಲ್ಲ. “ಕುಂತಾಗ ಸುಮ್ನಿರ್ತೈತಿ, ಓಡುವಾಗ ಏನ್ ಮಾಡತೈತೋ,” ಎಂದಳು.

ಓಟದ ದಿನ ಬಂತು. ಹತ್ತು ತಾಸಿನಲ್ಲಿ ಐವತ್ತು ಕಿಲೋಮೀಟರ್. ಮೂವತ್ತೆಂಟನೆಯ ಕಿಲೋಮೀಟರಿನವರೆಗೆ ಅವಳ ಭುಜದ ಮೇಲೆ ಒಂದು ಗೀರೂ ಬೀಳದಂತೆ ಕುಳಿತಿದ್ದೆ. ಅಲ್ಲಿ ಕೊನೆಯ ನೀರಿನ ಟೇಬಲ್ಲು. ಮುಂದಿನ ಹನ್ನೆರಡು ಕಿಲೋಮೀಟರ್ ಏರು, ಎಲ್ಲಿಯೂ ನೀರಿಲ್ಲ. ಅದಕ್ಕೇ ಅಲ್ಲೊಂದು ಕಟ್ಟುನಿಟ್ಟಿನ ನಿಯಮ: ನೀರು ಹೊರುವ ವ್ಯವಸ್ಥೆ ಸರಿಯಿಲ್ಲದವರನ್ನು ಮುಂದೆ ಬಿಡುವಂತಿಲ್ಲ. ಕೈಯಲ್ಲಿ ಓಟಗಾರರ ಹೆಸರಿನ ಪಟ್ಟಿ ಹಿಡಿದು ನಿಂತ ಸ್ವಯಂಸೇವಕ ಯಾರು ಅಂತೀರಿ? ಪೋತದಾರ ಸರ್.

ಅವರ ಕಣ್ಣು ನೇರವಾಗಿ ನನ್ನ ಮೇಲೆ ಬಿತ್ತು. ಅವಳ ಬೆನ್ನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರ ಮುಖ ಸಣ್ಣದಾಯಿತು.

“ಮೇಡಂ, ನಿಲ್ರಿ. ಬ್ಯಾಗ್ ಸೋರಾಕತ್ತೇದ. ನಾ ಬಿಡಂಗಿಲ್ಲ.”

“ಒಂದು ಹನಿ ಸೋರಂಗಿಲ್ಲ ಅಂದಿದ್ರಲ್ಲ?”

ಪೋತದಾರ ಸರ್ ಹೆಸರಿನ ಪಟ್ಟಿಯನ್ನೇ ನೋಡುತ್ತ ಹೇಳಿದರು: “ಸುಳ್ಳ ಹೇಳಿದ್ದೆ. ಮೊದಲಿಂದನೂ ಸೋರತಿತ್ತು. ತಪ್ಪಾತು. ಆದ್ರ ಈಗ ನಿಮ್ಮನ್ನ ಮ್ಯಾಲ ಬಿಟ್ಟು, ಅಲ್ಲಿ ನೀರಿಲ್ದ ನೀವು ಬಿದ್ರ?”

ಕಸ್ತೂರಿ ಅವರನ್ನು ನೋಡಿದಳು. ಟಿಕೆಟ್ ಇಲ್ಲದವರನ್ನು ನೋಡುವ ಅದೇ ನೋಟ. ಆಮೇಲೆ ನನ್ನನ್ನು ಕಳಚಿ ನನ್ನ ಮೇಲೂ ಅದೇ ನೋಟ ಹರಿಸಿದಳು. ಹೋದ ವರ್ಷ ನಿಂತ ಜಾಗದಲ್ಲೇ ಮತ್ತೆ ನಿಂತಿದ್ದಳು. ನನಗೆ ಬಾಯಿಲ್ಲ. ಇದ್ದಿದ್ದರೂ ಯಾರು ನಂಬುತ್ತಿದ್ದರು?

ಅವಳು ತೋರುಬೆರಳನ್ನು ನನ್ನ ಒದ್ದೆ ಬೆನ್ನಿಗೆ ಒತ್ತಿ, ನಾಲಿಗೆಗಿಟ್ಟಳು. ಆಮೇಲೆ ಕೊಳವೆಯಿಂದ ಒಂದು ಗುಟುಕು ಕುಡಿದಳು.

“ಒಳಗಿನ ನೀರು ಸಪ್ಪಗೈತಿ. ಹೊರಗಿಂದು ಉಪ್ಪು. ಇದು ನನ್ನ ಬೆವರ್ರೀ ಸರ್.”

ಪೋತದಾರ ಸರ್ ಅನುಮಾನದಿಂದ ನನ್ನನ್ನೇ ನೋಡಿದರು.

“ನಂಬಿಕಿ ಇಲ್ಲಂದ್ರ ನೆಕ್ಕಿ ನೋಡ್ರಿ,” ಎಂದು ಕಸ್ತೂರಿ ನನ್ನನ್ನು ಅವರ ಮೂಗಿನವರೆಗೆ ಹಿಡಿದಳು.

“ಬ್ಯಾಡ, ಬ್ಯಾಡ.” ಅವರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮೆಲ್ಲಗೆ, “ಹಂಗಾರ ಅವತ್ತು ನಂದೂ...” ಎಂದರು.

“ನಿಮ್ಮದೂ ಬೆವರ. ಸುಳ್ಳ ಹೇಳಬೇಕಂತ ಮಾಡಿ ನೀವು ಖರೇನ ಹೇಳಿದ್ರಿ.”

ಅವರು ತಾವೇ ನನ್ನ ಹೊಟ್ಟೆಗೆ ನೀರು ತುಂಬಿದರು. ಗಾಳಿ ತೆಗೆದದ್ದು ಕಸ್ತೂರಿ, ಅದನ್ನು ಅವಳು ಯಾರಿಗೂ ಬಿಡಲಿಲ್ಲ. ಹತ್ತು ತಾಸಿಗೆ ಒಂಬತ್ತು ನಿಮಿಷ ಉಳಿದಿರುವಾಗ ಗೆರೆ ದಾಟಿದೆವು. ಅಲ್ಲಿ ಕಾಯುತ್ತಿದ್ದ ಮಕ್ತುಮಸಾಬ ಕಂಡಕ್ಟರನ ಹಾಗೆ ರೈಟ್ ರೈಟ್ ಎಂದು ಖಾಲಿ ಟಿನ್ನು ಬಡಿಯುತ್ತಿದ್ದ.

ಅದಾಗಿ ಏಳು ವರ್ಷ. ನನ್ನ ಇಲಾಸ್ಟಿಕ್ ಸತ್ತಿದೆ, ಬಣ್ಣ ಹೋಗಿದೆ. ಈಗ ಕಸ್ತೂರಿಯ ಮನೆಯ ಮಾಳಿಗೆಯಲ್ಲಿ, ಬಟ್ಟೆ ಒಣಹಾಕುವ ತಂತಿಯ ಪಕ್ಕದ ಮೊಳೆಯಲ್ಲಿ ನನ್ನ ವಾಸ. ಹೊಟ್ಟೆ ತುಂಬ ಕ್ಲಿಪ್ಪುಗಳು. ಇಲ್ಲಿ ತೂಗಾಡುತ್ತ ಒಂದು ವಿಷಯ ಯೋಚಿಸುತ್ತೇನೆ. ನನ್ನನ್ನು ಅನುಮಾನಿಸದವರು ಯಾರೂ ಇರಲಿಲ್ಲ. ಪೋತದಾರ ಸರ್ ಅನುಮಾನಿಸಿ ಮೊಳೆಗೆ ಸಿಕ್ಕಿಸಿದರು. ಕಸ್ತೂರಿ ಅನುಮಾನಿಸಿ ನಾಲಿಗೆಗಿಟ್ಟು ನೋಡಿದಳು.

ನನ್ನ ಬೆನ್ನಿನ ಮೇಲೆ ಒಂದು ಬಿಳಿಯ ಉಪ್ಪಿನ ಗೆರೆ ಉಳಿದಿದೆ, ಅದನ್ನು ಯಾರೂ ಒಗೆದಿಲ್ಲ. ಮೋಡ ಕವಿದ ದಿನ ಅದು ತೇವ ಹಿಡಿಯುತ್ತದೆ. ಕ್ಲಿಪ್ಪಿಗೆಂದು ಕೈ ಹಾಕಿದ ಕಸ್ತೂರಿಯ ಬೆರಳಿಗೆ ಆ ಒದ್ದೆ ತಾಗುತ್ತದೆ. ಅವಳು ನನ್ನನ್ನು ಒಮ್ಮೆ ಓರೆಗಣ್ಣಿನಿಂದ ನೋಡುತ್ತಾಳೆ. ಬೆರಳು ಬಾಯಿಗೆ ಹೋಗುತ್ತದೆ.

ನಾನು ಉಸಿರು ಬಿಗಿಹಿಡಿದು ತೀರ್ಪಿಗೆ ಕಾಯುತ್ತೇನೆ.