ಖಾಲಾಗೆ ಬರೆದ ಚೀಟಿ

ಕಮಲಾಪುರದ ಪ್ರೌಢಶಾಲೆಯಲ್ಲಿ ಬುಧವಾರ ನಾವಿಟ್ಟ ಪ್ರಶ್ನೆ ಡಬ್ಬಿಗೆ ಬಿದ್ದ ಚೀಟಿಗಳು ಹದಿನೇಳು. ಅವುಗಳಲ್ಲಿ ಹದಿನಾಲ್ಕು ಬಷೀರುನ್ನೀಸಾಳ ಹೆಸರಿಗಿದ್ದವು.

ಇ-ಸಿಗರೇಟಿನ ಬಗ್ಗೆ ಮಕ್ಕಳಿಗೆ ತಿಳಿಹೇಳುವ ಕಾರ್ಯಕ್ರಮ ನನ್ನದು. ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ನಿಷೇಧವಿದ್ದರೂ ಕದ್ದು ಸಿಗುವ, ನೋಡಲು ಪೆನ್ನಿನಂತಿದ್ದು ಮಾವಿನ ವಾಸನೆ ಬೀರುವ ಈ ಹೊಸ ಚಟದ ಬಗ್ಗೆ ಓದಿಕೊಂಡು, ಚಿತ್ರಪಟ ಬರೆಸಿ, ಕಲಬುರಗಿಯ ಸುತ್ತಲಿನ ಶಾಲೆಗಳಿಗೆ ಹೋಗತೊಡಗಿದ್ದೆ. ಬಷೀರುನ್ನೀಸಾ ನನ್ನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವಳು. ನನಗೆ ಮೊಣಕಾಲು ನೋವೆಂದು ತಿಳಿದು, ಕರೆಯದೆಯೇ ಬಂದು ಪಟದ ಸುರುಳಿ ಹೊರುತ್ತಿದ್ದಳು.

ಎಲ್ಲ ಶುರುವಾದದ್ದು ಹೋದ ತಿಂಗಳು, ಇದೇ ಶಾಲೆಯಲ್ಲಿ. ನಾನು ನಲವತ್ತು ನಿಮಿಷ ನಿಕೋಟಿನ್ ಮತ್ತು ಮೆದುಳಿನ ಪಾಠ ಮಾಡಿದ್ದೆ. ಬಷೀರಾ ಪಟ ಸುತ್ತುತ್ತಿದ್ದಾಗ ಒಬ್ಬಳು ಕೇಳಿದಳು, “ಖಾಲಾ, ನೀವು ಯಾವಾಗರ ಸೇದೀರೇನ್ರಿ?”

“ಸೇದಿಲ್ಲವ್ವ. ತಂಬಾಕು ಹಲ್ಲಿಗಿ ತಿಕ್ಕತಿದ್ದೆ, ಹದಿನೆಂಟು ವರ್ಷ. ನಿಮ್ಮ ಮೇಡಂ ಒಳಗ ಪಾಠ ಮಾಡ್ಲಾಕತ್ತಾಗ ನಾ ಲ್ಯಾಬಿನ ಹಿಂದ.”

ತರಗತಿ ನಕ್ಕಿತು. ನನಗಿದು ಗೊತ್ತೇ ಇರಲಿಲ್ಲ.

“ಯಾರು ಬಿಡಿಸಿದರ್ರಿ?”

“ಯಾರೂ ಇಲ್ಲ. ಯಾರಿಗರ ಹೇಳ್ಬೇಕಂತ ಭಾಳ ಅನಸ್ತಿತ್ತು. ಕೇಳೋರು ಇರಲಿಲ್ಲ.”

ಅಂದಿನಿಂದ ನಾನು ‘ದೊಡ್ಡ ಮೇಡಂ’, ಅವಳು ‘ಖಾಲಾ’, ಅಂದರೆ ಚಿಕ್ಕಮ್ಮ. ನಾನು ಮಾತಾಡುವಾಗಲೂ ಮಕ್ಕಳ ಕಣ್ಣು ಬಾಗಿಲ ಬಳಿಯ ಅವಳ ಸ್ಟೂಲಿನ ಮೇಲೆ.

ಬಷೀರಾಗೆ ಕನ್ನಡ ಓದಲು ಬಾರದು. ವಾಪಸ್ ಬರುವ ಬಸ್ಸಿನಲ್ಲಿ ನಾನು ಚೀಟಿ ಓದುತ್ತಿದ್ದೆ, ಅವಳು ಉತ್ತರ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಆ ಬುಧವಾರವೂ ಬಿಸಿಲಿಲ್ಲದ ಬದಿಯ ಸೀಟನ್ನು ನನಗೆ ಬಿಟ್ಟುಕೊಟ್ಟಿದ್ದಳು. ಕಿಟಕಿಯ ಕಂಬಿ ಮೊಣಕೈಗೆ ಒತ್ತದಿರಲೆಂದು ತನ್ನ ಕರವಸ್ತ್ರ ಮಡಚಿ ಇಟ್ಟಿದ್ದಳು. ಅವಳ ಆ ಒಳ್ಳೆಯತನವೂ ನನಗೆ ಚುಚ್ಚುತ್ತಿತ್ತು.

ಒಂಬತ್ತನೆಯ ಚೀಟಿ ಹತ್ತನೇ ತರಗತಿಯ ಪಂಚಶೀಲಾಳದು.

“ಖಾಲಾ, ಅದು ನನ್ನ ಬ್ಯಾಗಿನಲ್ಲಿದೆ. ಬಿಡಲು ಆಗುತ್ತಿಲ್ಲ. ಶನಿವಾರ ಹನ್ನೆರಡಕ್ಕೆ ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ನೀವು ಬಂದರೆ ನಿಮ್ಮ ಕೈಗೇ ಕೊಡುತ್ತೇನೆ. ದೊಡ್ಡ ಮೇಡಂಗೆ ಹೇಳಬೇಡಿ. ಅವರು ಪಾಠ ಮಾಡುತ್ತಾರೆ.”

“ಇದರಾಗ ಏನ್ ಬರದಾರ್ರಿ?” ಬಷೀರಾ ಕೇಳಿದಳು.

“ಏನಿಲ್ಲ. ಸುಮ್ನ ಹೆಸರು ಬರದಾರ,” ಎಂದೆ. ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟೆ.

ಎರಡು ದಿನ ಬ್ರಹ್ಮಪುರದ ನನ್ನ ಮನೆಯಲ್ಲಿ ಶನಿವಾರದ ಮಾತುಗಳನ್ನು ಸಿದ್ಧಮಾಡಿದೆ. ನಾನೇ ಹೋಗುವುದೆಂದು ನಿರ್ಧರಿಸಿದ್ದೆ. ಓದಿದವಳು ನಾನು, ವಿಷಯ ಬಲ್ಲವಳು ನಾನು. ಆ ಹುಡುಗಿ ನನ್ನ ಕೈಗೆ ಯಾಕೆ ಕೊಡಬಾರದು? ಶುಕ್ರವಾರ ಸಂಜೆ ಸೀರೆ ಇಸ್ತ್ರಿ ಮಾಡುತ್ತಿದ್ದಾಗ ಬಸ್ಸಿನಿಂದ ನಾನು ಇಳಿಯುವುದು ಕಣ್ಣಿಗೆ ಕಟ್ಟಿತು. ಪಂಚಶೀಲಾ ನನ್ನ ಹಿಂದೆ ಬಷೀರಾಳನ್ನು ಹುಡುಕುತ್ತಾಳೆ. ಆಮೇಲೆ ಬ್ಯಾಗನ್ನು ಎದೆಗೆ ಅವಚಿಕೊಂಡು ಹೊರಟುಹೋಗುತ್ತಾಳೆ. ಇಸ್ತ್ರಿ ಅಲ್ಲಿಗೇ ನಿಂತಿತು.

ಶನಿವಾರ ಬೆಳಿಗ್ಗೆ ಆಟೋ ಹಿಡಿದು ಮೋಮಿನಪುರದ ಬಷೀರಾಳ ಮನೆಗೆ ಹೋದೆ. ಬಷೀರಾ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಿಂತೇ ಚೀಟಿ ಓದಿದೆ, ಕೊನೆಯ ಸಾಲನ್ನೂ ಬಿಡದೆ.

“ಇದು ಬುಧವಾರದ್ದಲ್ಲೇನ್ರಿ?”

“ಹೌದು.”

“ನೀವು ಕನ್ನಡಕದ ಡಬ್ಬಿಯಾಗ ಇಟ್ಟಿದ್ದು ನೋಡಿದ್ನಿರಿ,” ಎಂದಳು. “ಯಾವುದೋ ಹುಡುಗಿ ನಿಮಗ ಛಲೋ ಮಾತು ಬರದಾಳ, ಹಂಗಂತ ಇಟ್ಕೊಂಡೀರಿ ಅಂದ್ಕೊಂಡೆ. ಖುಷಿ ಆಗಿತ್ರಿ ನನಗ.”

ನನಗೆ ತಲೆ ಎತ್ತಲಾಗಲಿಲ್ಲ. ಅವಳು ಮೊರ ಒಳಗಿಟ್ಟು, ಬುರ್ಖಾ ಹಾಕಿಕೊಂಡು ಬಂದಳು.

“ನಡೀರಿ ಟೀಚರ್, ಇಬ್ಬರೂ ಹೋಗೂಣು.”

“ನನಗ ಹೇಳಬ್ಯಾಡ ಅಂದಾಳಲ್ಲ.”

“ಓದಿದವರು ನೀವೇ ಅಲ್ಲೇನ್ರಿ?” ಎಂದು ನಕ್ಕಳು. “ನೀ ಒಬ್ಬಾಕೀನೇ ಹೋಗು,” ಎಂದೆ. ಅವಳು ಒತ್ತಾಯಿಸಲಿಲ್ಲ. “ಹಂಗಾರ ಏನ್ ಹೇಳ್ಲಿ ಆಕಿಗಿ, ನೀವು ಹೇಳ್ರಿ.”

ಬಸ್ ನಿಲ್ದಾಣದವರೆಗೆ ಹೇಳುತ್ತಲೇ ಹೋದೆ. ಬಿಟ್ಟ ಮೇಲೆ ಕೆಲವು ದಿನ ತಲೆನೋವು, ಸಿಟ್ಟು; ನಿದ್ದೆ ಬಾರದಿರಬಹುದು. ವೈದ್ಯರ ಬಳಿ ಕರೆದುಕೊಂಡು ಹೋಗುವುದು. ತಾಯಿಗೆ ಹೇಳಲು ಅಂಜಿಕೆಯಿದ್ದರೆ ಜೊತೆಗಿರುವುದು. ಬಷೀರಾ ಬೆರಳು ಮಡಚಿ ಲೆಕ್ಕವಿಟ್ಟಳು.

“ಮತ್ತ?”

“ಮೊದಲ ಆಕಿ ಹೇಳೂದು ಕೇಳು.”

“ಅದು ಗೊತ್ತದರಿ,” ಎಂದಳು.

ಬಸ್ಸು ಬಂತು. ಅವಳು ಹತ್ತಿ, ಕಿಟಕಿಯಿಂದ ಕೈಬೀಸಿದಳು. ಆ ಸೀಟಿನಲ್ಲಿ ನಾನಿರಬೇಕಿತ್ತೆಂದು ಆಗಲೂ ಅನ್ನಿಸಿತು. ಗಡಿಯಾರ ನೋಡಿದೆ. ಹತ್ತೂಕಾಲು. ಹನ್ನೆರಡರೊಳಗೆ ಮುಟ್ಟುತ್ತಾಳೆ.