ಬೆಳಕಿನ ಸುರಂಗದ ಎರಡು ಬದಿ

“ಅವನನ್ನ ಟೈರು ಕೂರಿಸೋ ಕಡೆ ಹಾಕ್ಬೇಡಮ್ಮಾ,” ಅಂದ ಚೊಕ್ಕಲಿಂಗಂ. ಕ್ಯಾಂಟೀನಿನ ಹಿಂದೆ ಕೈ ತೊಳೆಯುತ್ತ, ನಲ್ಲಿಯ ನೀರಿಗೇ ಹೇಳುವವನ ಹಾಗೆ ಹೇಳಿದ. “ಬಲಭುಜ ಮೇಲೆತ್ತಕ್ಕಾಗಲ್ಲ ಅವನಿಗೆ. ಗಾಜು ಎತ್ತೋವಾಗ ಆ ಕಡೆಯಿಂದ ಒಂಚೂರು ತಡ ಆಗುತ್ತೆ. ನನ್ನ ಕೈಗೆ ಗೊತ್ತಾಗುತ್ತೆ.”

ಡಬ್ಬಿ ತೊಳೆಯುತ್ತಿದ್ದ ತಿಲಗವತಿ ತಲೆಯೆತ್ತಿದಳು. “ಯಾರನ್ನಣ್ಣಾ?”

“ಇನ್ಯಾರನ್ನ? ದಿನಾ ನನ್ನೆದುರು ನಿಲ್ತಾನಲ್ಲ, ಅವನನ್ನ. ನಾನು ಹೇಳ್ದೆ ಅಂತ ಮಾತ್ರ ಬಾಯಿ ಬಿಡ್ಬೇಡ.”

ಒರಗಡಂನ ಆ ಕಾರು ಕಾರ್ಖಾನೆಯಲ್ಲಿ ತಿಲಗವತಿ ಲೈನ್ ಲೀಡರ್. ಬೆಳಗ್ಗೆ ಬಸ್ಸಿಳಿದು ಬಂದವರಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವುದು ಅವಳ ಪಾಲಿನ ಕೆಲಸ. ಮುಂದಿನ ಸೋಮವಾರದಿಂದ ಕಾರಿನ ಮುಂಗಾಜು ಕೂರಿಸಲು ಯಂತ್ರದ ತೋಳು ಬರುವುದಿತ್ತು. ಅಷ್ಟರೊಳಗೆ ಆ ಕೆಲಸದ ಇಬ್ಬರಿಗೂ ಬೇರೆ ಜಾಗ ಹುಡುಕಬೇಕಾಗಿತ್ತು.

ಆ ಇಬ್ಬರೆಂದರೆ ಚೊಕ್ಕಲಿಂಗಂ ಮತ್ತು ಕಾಜಾ ಮೊಹಿದ್ದೀನ್. ಗಾಜಿಗೆ ರಬ್ಬರಿನ ಹಿಡಿಕೆ ಕಚ್ಚಿಸಿ, ಆ ತುದಿಗೊಬ್ಬ ಈ ತುದಿಗೊಬ್ಬ ನಿಂತು ಎತ್ತಿದರೆಂದರೆ ಕೊಳದ ಮೇಲಿಂದ ನೀರಿನದೇ ಒಂದು ಪದರ ಎತ್ತಿ ತಂದ ಹಾಗೆ ಕಾಣುತ್ತಿತ್ತು. ಹೊಸದಾಗಿ ಸೇರಿದ್ದಾಗ ತಿಲಗವತಿ ಅದನ್ನು ನೋಡುತ್ತ ಮೈಮರೆತು ಬೈಸಿಕೊಂಡಿದ್ದಳು. ಅವರಿಬ್ಬರಿಗೂ ಮಾತಿಲ್ಲವೆಂಬುದು ಗೊತ್ತಾಗಿದ್ದು ಆಮೇಲೆ.

ಹಿಂದೆ ಮುಷ್ಕರವಾದಾಗ ಕಾಜಾ ಒಂದು ಬೆಳಗ್ಗೆ ತಲೆ ತಗ್ಗಿಸಿಕೊಂಡು ಗೇಟು ದಾಟಿ ಒಳಗೆ ಹೋಗಿಬಿಟ್ಟಿದ್ದ. ಶಾಮಿಯಾನದಡಿ ಕೂತಿದ್ದ ಚೊಕ್ಕಲಿಂಗಂ ಎದ್ದು ನಿಂತು ಎಲ್ಲರೆದುರು “ದ್ರೋಹಿ!” ಎಂದು ಕೂಗಿದ್ದ. ಕಾಜಾನ ತಾಯಿ ಆಗ ಕಂಪನಿ ಹೊಂದಿಸಿಕೊಟ್ಟ ಆಸ್ಪತ್ರೆಯಲ್ಲಿ ಮಲಗಿದ್ದಳು ಎಂಬುದು ಚೊಕ್ಕಲಿಂಗಂಗೆ ತಿಳಿದದ್ದು ಆಕೆ ತೀರಿಕೊಂಡ ಮೇಲೆ. ಮಣ್ಣಿಗೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ಮುಷ್ಕರ ಮುಗಿಯಿತು, ಮತ್ತೆ ಅದೇ ಗಾಜಿನ ಎರಡು ತುದಿಗೆ ಬಂದು ನಿಂತರು. ಆ ಕೆಲಸಕ್ಕೆ ಮಾತೇ ಬೇಕಿರಲಿಲ್ಲ.

ಸಂಜೆ ಬಸ್ಸಿನ ಹತ್ತಿರ ಕಾಜಾ ಕಾದಿದ್ದ. ಕಾಗದದ ಪೊಟ್ಟಣದಲ್ಲಿದ್ದ ಬೇಯಿಸಿದ ಕಡಲೆಯ ಸುಂಡಲ್ ಅವಳ ಮುಂದೆ ಹಿಡಿದ.

“ತಗೋಮ್ಮಾ. ಒಂದು ಮಾತು. ಚೊಕ್ಕಣ್ಣನ್ನ ಸೀಟು ಕೂರಿಸೋ ಕಡೆ ಹಾಕ್ಬೇಡ. ಕಾರೊಳಗೆ ಮಂಡಿ ಮಡಚಿ ಕೂರಕ್ಕಾಗಲ್ಲ ಅವರಿಗೆ. ಗಾಜು ಹೊತ್ಕೊಂಡು ತಿರುಗೋವಾಗ ಎಡಗಾಲು ಎಳೀತಾರೆ.”

“ನೀವು ಹೇಳಿದ್ರಿ ಅಂತ ಹೇಳ್ಲಾ ಭಾಯ್?”

“ಅಯ್ಯೋ! ನಾನು ಸತ್ತಮೇಲೆ ಬೇಕಾದ್ರೆ ಹೇಳು.”

ತಿಲಗವತಿ ನಕ್ಕಳು. ಬಸ್ಸು ಕೆರೆಯ ಏರಿಯ ಮೇಲೆ ಹೊರಟಾಗ ನಗು ಎಲ್ಲಿ ಹೋಯಿತೋ, ಕಿಟಕಿಗೆ ತಲೆಯಾನಿಸಿದಳು. ಅರೆನಿದ್ದೆಯಲ್ಲಿ ತಾಳೆಮರಗಳ ನಡುವೆ ಇಬ್ಬರು ಗಾಜು ಹೊತ್ತು ನಡೆಯುತ್ತಿದ್ದರು. ಗಾಜಿನೊಳಗೆ ಸಂಜೆಯ ಮೋಡ ತೇಲುತ್ತಿತ್ತು. ಎಲ್ಲಿಗೆ ಒಯ್ಯುತ್ತಿದ್ದಾರೆಂದು ಕೇಳೋಣವೆಂದರೆ ಅವಳಿಗೆ ಬಾಯಿಯೇ ಬರಲಿಲ್ಲ.

ಮರುದಿನ ಮ್ಯಾನೇಜರ್ ನಂಬಿರಾಜನ್ ಎದುರು ನಿಂತು ಹೇಳಿದಳು: “ಇಬ್ಬರನ್ನೂ ಲೈಟ್ ಟನಲ್‌ಗೆ ಹಾಕ್ತೀನಿ ಸಾರ್.”

ಲೈನಿನ ಕೊನೆಯಲ್ಲಿ ಸಾಲುದೀಪಗಳ ಬಿಳಿ ಸುರಂಗವೊಂದಿತ್ತು. ಸಿದ್ಧವಾದ ಕಾರು ಬೆಲ್ಟಿನ ಮೇಲೆ ಅದರೊಳಗೆ ನಿಧಾನ ತೇಲಿ ಬರುತ್ತದೆ. ಎರಡೂ ಬದಿಯಲ್ಲಿ ಒಬ್ಬೊಬ್ಬರು ನಿಂತು ಬಣ್ಣದ ಮೇಲೆ ಗೀರು, ತಗ್ಗು ಇದೆಯೇ ಎಂದು ನೋಡಬೇಕು.

“ಮಾತಾಡದ ಜೋಡೀನಾ?” ನಂಬಿರಾಜನ್ ಕನ್ನಡಕ ತೆಗೆದ. “ಅಲ್ಲಿ ಒಬ್ಬ ಕಂಡಿದ್ದನ್ನ ಇನ್ನೊಬ್ಬನಿಗೆ ಕೂಗಿ ಹೇಳ್ಬೇಕು ಕಣಮ್ಮ. ಗೀರಿರೋ ಕಾರು ಹೊರಗೆ ಹೋದ್ರೆ ಯಾರು ಉತ್ತರ ಕೊಡೋದು?”

“ನಾನೇ ಸಾರ್.”

“ನಿನ್ನ ಲೀಡರ್‌ಗಿರಿ ಹೋಗುತ್ತೆ.”

“ಹೋಗ್ಲಿ ಬಿಡಿ.” ಅಂದದ್ದೇನೋ ಅಂದಳು. ಹೊರಗೆ ಬಂದವಳೇ ಮನಸ್ಸು ಬದಲಾಗುವ ಮೊದಲು ಪಟ್ಟಿಯಲ್ಲಿ ಇಬ್ಬರ ಹೆಸರನ್ನೂ ಬರೆದಳು.

ಸೋಮವಾರ ಇಬ್ಬರೂ ಬಿಳಿ ಕೈಗವಸು ಹಾಕಿಕೊಂಡು ಬೆಳಕಿನಲ್ಲಿ ಎದುರುಬದುರು ನಿಂತರು. ಅಲ್ಲಿ ನೆರಳೇ ಬೀಳುತ್ತಿರಲಿಲ್ಲ. ಕಾರುಗಳು ಕನಸಿನಲ್ಲಿ ಬಂದಂತೆ ಸದ್ದಿಲ್ಲದೆ ಬರುತ್ತಿದ್ದವು, ಕೆಂಪು, ಬೂದಿ, ಸಮುದ್ರದ ನೀಲಿ. ಮಾತು ಮಾತ್ರ ಬರಲಿಲ್ಲ. ಒಬ್ಬ ಗೀರು ಕಂಡರೆ ಕಾರಿನ ನೆತ್ತಿಯ ಮೇಲೆ ಬೆರಳಿನಿಂದ ಟಕ್ಕೆಂದು ತಟ್ಟುವನು. ಇನ್ನೊಬ್ಬ ಸುತ್ತಿ ಬಂದು ನೋಡಿ, ಸೀಮೆಸುಣ್ಣದ ಗುರುತು ಹಾಕಿ, ಮತ್ತೆ ತನ್ನ ಬದಿಗೆ ಹೋಗುವನು.

“ಏನಕ್ಕಾ ಇದು, ಮರಕುಟಿಗ ಸಾಕಿದ್ದೀಯಾ?” ಎಂದು ಬಾಗಿಲು ಜೋಡಿಸುವ ಹೆಂಗಸರು ತಿಲಗವತಿಯನ್ನು ಗೇಲಿ ಮಾಡಿದರು. ಅವಳು ಬೈದು ಕಳಿಸಿದಳು. ಗೀರಿರುವ ಕಾರಂತೂ ಒಂದೂ ಹೊರಗೆ ಹೋಗಲಿಲ್ಲ.

ತಿಂಗಳು ಕಳೆದಿರಬೇಕು, ಒಂದು ಮಧ್ಯಾಹ್ನ ಲೈನು ಎಲ್ಲೋ ಸಿಕ್ಕಿಕೊಂಡು ಬೆಲ್ಟು ನಿಂತಿತು. ಜನ ಟೀ ಕುಡಿಯಲು ಚದುರಿದರು. ಸುರಂಗದೊಳಗೆ ಬೆಣ್ಣೆ ಬಣ್ಣದ ಕಾರೊಂದು ನಿಂತಿತ್ತು. ಚೊಕ್ಕಲಿಂಗಂ ಮಂಡಿ ತಿಕ್ಕಿಕೊಳ್ಳುತ್ತ ಅದಕ್ಕೆ ಒರಗಿದ್ದ. ಆ ಬದಿಯಿಂದ ಕಾಜಾ ಅವನನ್ನೇ ನೋಡಿದ. ಆಮೇಲೆ ಒಳಗೆ ಕೂತು, ಕೈ ಚಾಚಿ, ಚೊಕ್ಕಲಿಂಗಂ ಕಡೆಯ ಬಾಗಿಲು ತೆರೆದ.

“ಕೂತ್ಕೋ ಚೊಕ್ಕಣ್ಣ. ಎಷ್ಟೊತ್ತು ನಿಲ್ತೀಯಾ?”

ತಿಲಗವತಿ ಕೈಯಲ್ಲಿದ್ದ ಟೀ ಲೋಟ ಹಾಗೇ ಉಳಿಯಿತು. ಚೊಕ್ಕಲಿಂಗಂ ಎಡಗಾಲನ್ನು ಕೈಯಿಂದಲೇ ಎತ್ತಿ ಒಳಗಿಟ್ಟು ಕೂತ. ಪ್ಲಾಸ್ಟಿಕ್ ಹೊದಿಕೆಯ ಸೀಟು ಕಿರುಗುಟ್ಟಿತು. ಎರಡೂ ಬಾಗಿಲು ಮುಚ್ಚಿಕೊಂಡವು.

ಆಮೇಲೆ ಅವಳಿಗೆ ಏನೂ ಕೇಳಿಸಲಿಲ್ಲ. ಇಬ್ಬರೂ ಮುಂದಕ್ಕೆ ನೋಡುತ್ತ ಕೂತಿದ್ದರು. ಚೊಕ್ಕಲಿಂಗಂ ತುಟಿ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಅವನು ಕೈಗವಸು ಕಳಚಿ ಮುಖ ಒರೆಸಿಕೊಂಡ. ಕಾಜಾ ಅವನತ್ತ ತಿರುಗಲಿಲ್ಲ. ಎಡಗೈಯನ್ನು ಮಾತ್ರ ಅವನ ಮಂಡಿಯ ಮೇಲಿಟ್ಟ.

ಅಷ್ಟರಲ್ಲಿ ಗಂಟೆ ಮೊಳಗಿ ಬೆಲ್ಟು ಚಲಿಸತೊಡಗಿತು. “ಯಾರಪ್ಪಾ ಅದು, ಕಾರೊಳಗೆ ಸವಾರಿ ಹೊರಟೋರು?” ಎಂದು ಹಿಂದಿನಿಂದ ಯಾರೋ ಕೂಗಿದರು. ಲೈನು ನಿಲ್ಲಿಸುವ ಕೆಂಪು ಹಗ್ಗ ತಿಲಗವತಿಯ ತಲೆಯ ಮೇಲೇ ಇತ್ತು. ಅವಳು ಕೈ ಎತ್ತಿದಳು, ಎತ್ತಿದ ಕೈಯಿಂದ ಕೂದಲು ಸರಿಪಡಿಸಿಕೊಂಡಳು.

ಕಾರು ದೀಪಗಳ ಕೆಳಗೆ ಒಂದೊಂದೇ ಹೊಳಪನ್ನು ಮೈಮೇಲೆ ಹಾಯಿಸಿಕೊಳ್ಳುತ್ತ ಸುರಂಗದ ಬಾಯಿ ದಾಟಿತು. ಆಚೆ ಬಯಲಿನ ಬಿಸಿಲಿತ್ತು. ಸ್ಟಿಯರಿಂಗಿನ ಮೇಲೆ ಯಾರ ಕೈಯೂ ಇರಲಿಲ್ಲ.